ಚಾಪೆ ಹಾಸುವ ಮೊದಲು ಒಂದು ಕೋಲು ನೆಡಿ

ಒಂದೇ ಹಗಲಿನಲ್ಲಿ ಐದು ಸಲ ಚಾಪೆ ಎಳೆದಾಡಿದ್ದನ್ನು ಮೊನ್ನೆ ಕಣ್ಣಾರೆ ಕಂಡೆ. ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಸೇರಿ ಒಂದು ದಿನದ ಮಟ್ಟಿಗೆ ಹೊರಗೆ ಹೋಗಿದ್ದೆವು. ವಸಂತ ಮುಗಿಯುತ್ತ ಬಂದಿತ್ತು, ಬೇಸಿಗೆ ಇನ್ನೂ ಪೂರ್ತಿ ಬಿಗಿದಿರಲಿಲ್ಲ, ಬೆಳಗಿನ ಗಾಳಿ ಹಿತವಾಗಿತ್ತು. ಹತ್ತು ಗಂಟೆಯ ಹೊತ್ತಿಗೆ ದೊಡ್ಡ ಮರವೊಂದರ ಕೆಳಗೆ ನೆರಳು ಎಲ್ಲಿ ಅಗಲವಾಗಿ ಕಂಡಿತೋ ಅಲ್ಲೇ ಚಾಪೆ ಬಿಚ್ಚಿದರು. ಅಲ್ಲಿ ಬೇಡ, ಬುಡದ ಆಚೆ ಕಡೆಗೆ ಬನ್ನಿ ಎಂದೆ. “ಇಲ್ಲೇ ಚೆನ್ನಾಗಿದೆ ಅಮ್ಮ, ನೀವು ಕುಳಿತುಕೊಳ್ಳಿ” ಎಂದರು. ಹನ್ನೊಂದೂವರೆಗೆ ಊಟದ ಡಬ್ಬಿಗಳ ಮೇಲೆ ಬಿಸಿಲು. ಎಳೆದರು. ಹನ್ನೆರಡೂವರೆಗೆ ಮತ್ತೆ ಎಳೆದರು. ಊಟದ ನಡುವೆ ತಟ್ಟೆ ಹಿಡಿದುಕೊಂಡೇ ಇನ್ನೊಮ್ಮೆ ಎದ್ದರು. ಕೊನೆಗೆ ನಿದ್ದೆ ಹೋಗಿದ್ದ ಮಗುವಿನ ಕಾಲಿನ ಮೇಲೆ ಬಿಸಿಲು ಹರಿದು, ಅದು ಅಳುತ್ತ ಎದ್ದಿತು. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು.

ಸಾಮಾನು ಕಟ್ಟುವುದನ್ನು ನಾನು ಹೇಳಿಕೊಡಬೇಕಿಲ್ಲ, ಅದು ನಿಮಗೆ ಗೊತ್ತು. ಎರಡು ಮಾತು ಮಾತ್ರ ಹೇಳುತ್ತೇನೆ. ನೀರು ನಿಮಗೆ ಸಾಕು ಅನ್ನಿಸಿದ್ದಕ್ಕಿಂತ ಅರ್ಧದಷ್ಟು ಹೆಚ್ಚಿಗೆ ಇರಲಿ. ಬಾಟಲಿಯಲ್ಲಿ ನೀರನ್ನು ಮಂಜುಗಟ್ಟಿಸಿ ಒಯ್ಯುವವರು ಕುತ್ತಿಗೆಯವರೆಗೆ ತುಂಬಬೇಡಿ, ಹೆಪ್ಪುಗಟ್ಟಿದಾಗ ನೀರು ಸುಮಾರು ಹತ್ತನೇ ಒಂದು ಪಾಲು ಹಿಗ್ಗಿ ಬಾಟಲಿಯನ್ನು ಸೀಳುತ್ತದೆ. ಆ ಬಾಟಲಿಗಳನ್ನು ಬೇಗ ಕೆಡುವ ತಿನಿಸಿನ ಅಕ್ಕಪಕ್ಕದಲ್ಲೇ ಇಡಿ. ಬಿಸಿಲು 32 ಡಿಗ್ರಿ ದಾಟಿದ ದಿನ ಅಂಥ ತಿನಿಸನ್ನು ಒಂದು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ತೆರೆದಿಟ್ಟರೆ ಮತ್ತೆ ಯಾರ ಬಾಯಿಗೂ ಹಾಕಬಾರದು. ಮೂಸಿ ನೋಡಿ ಚೆನ್ನಾಗಿದೆ ಎನ್ನುವವರ ಮಾತು ಕೇಳಬೇಡಿ. ಕೆಟ್ಟದ್ದೆಲ್ಲ ವಾಸನೆ ಬರುವುದಿಲ್ಲ.

ಈಗ ನೆರಳಿನ ಮಾತಿಗೆ ಬರುತ್ತೇನೆ. ಬೆಳಿಗ್ಗೆ ಮರದ ನೆರಳು ಪಶ್ಚಿಮಕ್ಕೆ ಚಾಚಿರುತ್ತದೆ. ಹೊತ್ತು ಏರಿದಂತೆ ಬುಡದ ಕಡೆಗೆ ಕುಗ್ಗಿಕೊಂಡು ಬರುತ್ತದೆ. ನಡುಹಗಲು ದಾಟಿದರೆ ಪೂರ್ವಕ್ಕೆ ಹೊರಳಿ ಮತ್ತೆ ಉದ್ದವಾಗುತ್ತದೆ. ಸೂರ್ಯ ಗಂಟೆಗೆ 15 ಡಿಗ್ರಿಯಷ್ಟು ಸರಿಯುತ್ತಾನೆ. ನೆಲದಿಂದ ಹತ್ತು ಮೀಟರ್ ಎತ್ತರದಲ್ಲಿರುವ ಕೊಂಬೆಯ ನೆರಳು ನಡುಹಗಲಿನಲ್ಲೂ ಒಂದು ಗಂಟೆಗೆ ಎರಡೂವರೆ ಮೀಟರಿನಷ್ಟು ಜರುಗುತ್ತದೆ. ಅಂದರೆ ಗಂಟೆಗೊಂದು ಚಾಪೆಯಷ್ಟು. ಹತ್ತು ಗಂಟೆಗೆ ನೆರಳಿನ ಪಶ್ಚಿಮದ ಅಂಚಿನಲ್ಲಿ ಕುಳಿತವರು ಎದ್ದೇ ಏಳಬೇಕು, ಬೇರೆ ದಾರಿಯಿಲ್ಲ.

ಇದನ್ನು ನನಗೆ ಕಲಿಸಿದವರು ನಮ್ಮ ಅತ್ತೆ. ಅವರು ಶಾಲೆಗೆ ಹೋದವರಲ್ಲ, ದಿಕ್ಸೂಚಿಯನ್ನು ಕಂಡವರೂ ಅಲ್ಲ. ಎಲ್ಲಿಗೆ ಹೋದರೂ ಗಂಟು ಇಳಿಸುವ ಮೊದಲು ಒಂದು ಕೋಲು ಹುಡುಕುತ್ತಿದ್ದರು. ನಾನು ಹೊಸ ಸೊಸೆ, ಹಸಿವಾಗಿತ್ತು, ಈ ಕೋಲಿನ ಕೆಲಸ ಯಾಕೆ ಎಂದು ಒಳಗೊಳಗೇ ಗೊಣಗಿದ್ದೆ. ಅವತ್ತು ಸಂಜೆಯವರೆಗೆ ನಾವು ಕುಳಿತಲ್ಲಿಂದ ಏಳಲಿಲ್ಲ. ಆಮೇಲೆ ನಾನು ಗೊಣಗಲಿಲ್ಲ.

ಕೋಲು ನೆಟ್ಟಗಿರಬೇಕು, ತೋಳಿನುದ್ದ ಇದ್ದರೆ ಸಾಕು. ತುದಿ ಕವಲೊಡೆದಿರಬಾರದು, ಕವಲಿದ್ದರೆ ನೆರಳಿನ ತುದಿ ಯಾವುದೆಂದು ತಿಳಿಯುವುದಿಲ್ಲ. ಮರದ ನೆರಳಿನಿಂದ ಹೊರಗೆ ಬನ್ನಿ, ಬಿಸಿಲು ನೇರವಾಗಿ ಬೀಳುವ ಸಮತಟ್ಟಾದ ನೆಲ ನೋಡಿ. ಹುಲ್ಲು ಎತ್ತರವಾಗಿದ್ದರೆ ಕಾಲಿನಿಂದ ತುಳಿದು ಮಟ್ಟ ಮಾಡಿ, ಇಲ್ಲದಿದ್ದರೆ ನೆರಳು ಹುಲ್ಲಿನೊಳಗೆ ಮುರಿದು ಸುಳ್ಳು ಹೇಳುತ್ತದೆ. ಕೋಲನ್ನು ಅಲುಗಾಡದಂತೆ ನೆಡಿ. ನೆಲ ಗಟ್ಟಿಯಾಗಿದ್ದರೆ ಸುತ್ತ ನಾಲ್ಕು ಕಲ್ಲು ಒತ್ತಿ. ಅದರ ನೆರಳಿನ ತುದಿ ಎಲ್ಲಿ ಮುಟ್ಟಿತೋ ಅಲ್ಲಿ ಒಂದು ಸಣ್ಣ ಕಲ್ಲಿಡಿ. ದೊಡ್ಡ ಕಲ್ಲು ಬೇಡ, ಹುಣಿಸೆ ಬೀಜದಷ್ಟಿದ್ದರೆ ಸಾಕು. ಆಮೇಲೆ ಕಾಲು ಗಂಟೆ ಬಿಡಿ. ಆ ಹೊತ್ತಿಗೆ ಮಕ್ಕಳಿಗೆ ನೀರು ಕುಡಿಸಿ, ಟೋಪಿ ಹಾಕಿ, ಜಾಗದ ಸುತ್ತ ಒಂದು ಸುತ್ತು ಬನ್ನಿ. ಮೇಲೆ ಒಣಗಿದ ಕೊಂಬೆ ಇದೆಯೇ, ಕೆಳಗೆ ಇರುವೆಯ ಸಾಲು ಇದೆಯೇ ಎಂದು ನೋಡಿ. ಕೋಲಿನ ಹತ್ತಿರ ಯಾರೂ ಓಡಾಡದಂತೆ ಒಬ್ಬ ಮೊಮ್ಮಗನನ್ನು ಕಾವಲಿಡಿ, ಆ ವಯಸ್ಸಿನವರಿಗೆ ಅದು ದೊಡ್ಡ ಅಧಿಕಾರ.

ಕಾಲು ಗಂಟೆಯ ನಂತರ ನೆರಳಿನ ತುದಿ ಎರಡು ಮೂರು ಬೆರಳಿನಷ್ಟು ಸರಿದಿರುತ್ತದೆ. ಅಲ್ಲಿ ಎರಡನೆಯ ಕಲ್ಲಿಡಿ. ಮೊದಲ ಕಲ್ಲಿನಿಂದ ಎರಡನೆಯದರ ಕಡೆಗೆ ನೋಡಿದರೆ ನೀವು ಹೆಚ್ಚುಕಡಿಮೆ ಪೂರ್ವಕ್ಕೆ ಮುಖ ಮಾಡಿರುತ್ತೀರಿ. ಮರದ ನೆರಳೂ ಅದೇ ಕಡೆಗೆ ಹೋಗುತ್ತದೆ. ಈಗ ಚಾಪೆಯನ್ನು ಆ ದಿಕ್ಕಿನ ಅಂಚಿನಲ್ಲಿ ಹಾಸಿ. ಮೊದಲ ಅರ್ಧ ಗಂಟೆ ಚಾಪೆಯ ಒಂದು ಮೂಲೆಗೆ ಬಿಸಿಲು ಬಿದ್ದರೂ ಹೆದರಬೇಡಿ, ಆ ಮೂಲೆಯಲ್ಲಿ ಚಪ್ಪಲಿ ಬಿಡಿ. ಊಟದ ಹೊತ್ತಿಗೆ ನೆರಳು ತಾನಾಗಿ ಬಂದು ನಿಮ್ಮ ಮೇಲೆ ಕೂರುತ್ತದೆ. ಕೊಂಬೆ ತಗ್ಗಾಗಿದ್ದರೆ ನೆರಳು ಬುಡಕ್ಕೆ ಅಂಟಿಕೊಂಡಿರುತ್ತದೆ, ಎತ್ತರವಾಗಿದ್ದರೆ ದೂರ ಹೋಗುತ್ತದೆ. ಅದಕ್ಕೆ ತಕ್ಕಂತೆ ಒಂದೆರಡು ಹೆಜ್ಜೆ ಹಿಂದೆ ಮುಂದೆ ಮಾಡಿಕೊಳ್ಳಿ, ಕಣ್ಣಂದಾಜು ಸಾಕು. ಮಧ್ಯಾಹ್ನದ ಮೇಲೆ ಹೋಗುವವರು ಬುಡಕ್ಕೆ ಒರಗಿ ಕುಳಿತುಕೊಳ್ಳುವ ಆಸೆ ಬಿಡಿ. ಇಳಿಬಿಸಿಲು ಕೊಂಬೆಗಳ ಕೆಳಗಿನಿಂದ ಓರೆಯಾಗಿ ನುಗ್ಗುತ್ತದೆ, ಬುಡದಿಂದ ಪೂರ್ವಕ್ಕೆ ಸಾಕಷ್ಟು ದೂರ ಹೋದರೇ ನೆಮ್ಮದಿ. ಮೊಬೈಲಿನಲ್ಲಿ ದಿಕ್ಕು ತಿಳಿಯುತ್ತದಲ್ಲ ಎಂದು ಮೊಮ್ಮಗಳು ಕೇಳಿದಳು. ತಿಳಿಯುತ್ತದೆ, ಸಂತೋಷ. ಆದರೆ ನೆರಳು ಎಷ್ಟು ಬೇಗ ಓಡುತ್ತಿದೆ ಎಂಬುದು ಆ ಎರಡು ಕಲ್ಲುಗಳ ನಡುವಿನ ಅಂತರ ನೋಡಿದಾಗಲೇ ಮನಸ್ಸಿಗೆ ಇಳಿಯುವುದು.

ಮನೆಯಲ್ಲಿ ಬಟ್ಟೆ ಒಣಹಾಕುವವರಿಗೂ ಇದೇ ಲೆಕ್ಕ ಬೇಕು. ಬಣ್ಣದ ಬಟ್ಟೆಯನ್ನು ಒಳಮೈ ಹೊರಗೆ ಮಾಡಿ, ಹನ್ನೊಂದರ ನಂತರ ಗೋಡೆಯ ನೆರಳು ಎಲ್ಲಿಗೆ ಬರುತ್ತದೋ ಅಲ್ಲಿ ಹರವಿ. ಬಿಳಿಯದನ್ನು ಬೇಕಾದಷ್ಟು ಬಿಸಿಲಿಗೆ ಬಿಡಿ. ಬೆಳಿಗ್ಗೆ ಹರವಿದ್ದನ್ನು ಸಂಜೆಯವರೆಗೆ ಮರೆತು, ಬಟ್ಟೆ ಬಣ್ಣ ಕೆಟ್ಟಿತು ಎಂದು ಸೋಪಿಗೆ ಬೈಯುವುದನ್ನು ನೋಡಿ ನನಗೆ ಸಾಕಾಗಿದೆ.

ನೆರಳಿನಲ್ಲಿದ್ದೇವೆ ಎಂದು ಟೋಪಿ ತೆಗೆದಿಡಬೇಡಿ. ಆಕಾಶದಿಂದ, ನೀರಿನಿಂದ, ಮರಳಿನಿಂದ ಬೆಳಕು ಚದರಿ ಒಳಗೆ ಬರುತ್ತದೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವಷ್ಟು ಹೊತ್ತೂ ಬಿಸಿಲಿನಲ್ಲಿ ಅತಿನೇರಳೆ ಕಿರಣಗಳು ಜೋರಾಗಿರುತ್ತವೆ, ಮಕ್ಕಳ ಓಟದ ಆಟ ಅದಕ್ಕಿಂತ ಮೊದಲು ಅಥವಾ ಆಮೇಲೆ ಆಗಲಿ. ಕೂಸು ಮಲಗಿದ ತಳ್ಳುಗಾಡಿಗೆ ಬಟ್ಟೆ ಮುಚ್ಚುವ ಅಭ್ಯಾಸ ಈಗ ಎಲ್ಲೆಲ್ಲೂ ಕಾಣುತ್ತದೆ. ದಯವಿಟ್ಟು ಮುಚ್ಚಬೇಡಿ, ಒಳಗೆ ಗಾಳಿಯಾಡದೆ ಸೆಕೆ ಏರುತ್ತದೆ. ಹಾಗೆಯೇ ಕಾರು. ಎರಡೇ ನಿಮಿಷ ಎಂದು ಮಗುವನ್ನು ಒಳಗೆ ಬಿಟ್ಟು ಹೋಗುವವರನ್ನು ನಾನು ಕ್ಷಮಿಸುವುದಿಲ್ಲ. ಮುಚ್ಚಿದ ಕಾರಿನ ಒಳಗೆ ಹತ್ತು ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಶಾಖ ಏರುತ್ತದೆ, ಗಾಜನ್ನು ಸ್ವಲ್ಪ ಇಳಿಸಿದರೂ ಹೆಚ್ಚು ಪ್ರಯೋಜನವಿಲ್ಲ.

ಈ ಕಾಲದಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟುವುದು ಸಾಮಾನ್ಯ. ಇಷ್ಟು ಹೊತ್ತು ಮರವನ್ನು ಹೊಗಳಿದ ನಾನೇ ಹೇಳುತ್ತೇನೆ, ಗುಡುಗು ಕೇಳಿದ ಕೂಡಲೇ ಮರದ ಕೆಳಗಿನಿಂದ ಎದ್ದು ಕಟ್ಟಡದೊಳಗೆ ಅಥವಾ ಗಾಜು ಏರಿಸಿದ ಕಾರಿನೊಳಗೆ ಹೋಗಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಗೆ ಬರಬೇಡಿ. ಚಾಪೆ ನೆನೆದರೆ ನೆನೆಯಲಿ.

ಮೋಡವಿಲ್ಲದ ದಿನ ಹೊರಡುವ ಹೊತ್ತು ತಿಳಿಯಲು ಕೈ ಚಾಚಿ, ನಾಲ್ಕು ಬೆರಳು ಜೋಡಿಸಿ ಅಡ್ಡಲಾಗಿ ಹಿಡಿಯಿರಿ. ಸೂರ್ಯನಿಗೂ ದಿಗಂತಕ್ಕೂ ನಡುವೆ ನಾಲ್ಕೇ ಬೆರಳು ಹಿಡಿಸಿದರೆ ಮುಳುಗಲು ಹೆಚ್ಚೆಂದರೆ ಒಂದು ಗಂಟೆ ಉಳಿದಿದೆ. ಸೂರ್ಯನನ್ನೇ ದಿಟ್ಟಿಸಬೇಡಿ, ಬೆರಳಿನ ಮರೆಯಲ್ಲಿ ನೋಡಿ. ಆಗ ಎದ್ದು, ಚಾಪೆಯನ್ನು ಇಬ್ಬರು ಹಿಡಿದು ಗಾಳಿ ಬೀಸುವ ಕಡೆಗೆ ಕೊಡವಿ, ಮಣ್ಣು ಹತ್ತಿದ ಮೈ ಒಳಗೆ ಬರುವಂತೆ ಸುತ್ತಿ. ಮನೆಗೆ ಬಂದ ಮೇಲೆ ಒಮ್ಮೆ ಬಿಚ್ಚಿ ಪೂರ್ತಿ ಆರಿಸಿಯೇ ಒಳಗಿಡಿ, ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಸುತ್ತುವಾಗ ಆ ಕೋಲನ್ನೂ ನಡುವೆ ಸೇರಿಸಿ, ಮುಂದಿನ ಸಲ ಹುಡುಕುವುದು ತಪ್ಪುತ್ತದೆ.