ಇರುವೆ ಕಚ್ಚಿದ ಹಾಗೆ

ಎಂಟು ವರ್ಷದಿಂದ ನಾನು ಸ್ಟಾಫ್ ನರ್ಸ್. ಔಷಧಿ ಕೊಡಲು ನರಕ್ಕೆ ಚುಚ್ಚುವ ಸಣ್ಣ ಕೊಳವೆ, ಕ್ಯಾನುಲಾ, ಹಾಕುವಾಗ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದೆ: "ಏನಿಲ್ಲಮ್ಮ, ಇರುವೆ ಕಚ್ಚಿದ ಹಾಗೆ ಅಷ್ಟೇ." 30 ತುಂಬುವ ಮೊದಲೇ ಆ ಮಾತನ್ನು ನಾನೇ ಕೇಳಿಸಿಕೊಳ್ಳಬೇಕಾಯಿತು.

ದಸರಾ ಸಮಯ. ಮೈಸೂರಿನಲ್ಲಿ ಜನವೋ ಜನ, ವಾರ್ಡಿನಲ್ಲಿ ಯಾರಿಗೂ ರಜೆ ಇಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದು ಸ್ನಾನ ಮಾಡುವಾಗ ಎಡ ಎದೆಯಲ್ಲಿ, ಕಂಕುಳಿನ ಕಡೆಗೆ, ಹುಣಸೆ ಬೀಜದಷ್ಟು ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ಈ ವಯಸ್ಸಿನ ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಫೈಬ್ರೋಅಡಿನೋಮ ಅನ್ನುವ, ಕ್ಯಾನ್ಸರ್ ಅಲ್ಲದ ಗಂಟು ಆದರೆ ಬೆರಳಿಗೆ ಸಿಗದೆ ಜಾರುತ್ತದೆ. ನನ್ನದು ಜಾರಲಿಲ್ಲ. ಅದು ಅವತ್ತೇ ಗೊತ್ತಾಗಿತ್ತು. ಆದರೂ ಐದು ವಾರ ಕಳೆದೆ.

ಮಧ್ಯದಲ್ಲಿ ಒಂದು ದಿನ ಕಾರಿಡಾರಿನಲ್ಲಿ ಒಬ್ಬ ಡಾಕ್ಟರನ್ನು ನಿಲ್ಲಿಸಿ ಕೇಳಿದ್ದೆ. "ನಿನ್ನ ವಯಸ್ಸಿಗೆ ಅದೆಲ್ಲ ಏನಿರಲ್ಲ, ಹೋಗು" ಅಂದರು. ಅವರು ಮುಟ್ಟಿ ನೋಡಲಿಲ್ಲ, ನಾನೂ ನೋಡಿ ಅನ್ನಲಿಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಾವೆಲ್ಲ ಮಾಡುವುದೇ ಹೀಗೆ ಅಲ್ವಾ? ನನ್ನ ಜೊತೆಯವರಿಗೆ ಈಗ ಕೈ ಮುಗಿದು ಹೇಳುತ್ತೇನೆ: ಓಪಿ ಚೀಟಿ ಮಾಡಿಸಿ, ಸಾಲಿನಲ್ಲಿ ಕೂತು, ಮಂಚದ ಮೇಲೆ ಮಲಗಿ ತೋರಿಸಿ.

ಕೊನೆಗೆ ನಾನೂ ಚೀಟಿ ಮಾಡಿಸಿದೆ. ಚಿಕ್ಕ ವಯಸ್ಸಿನವರ ಎದೆಯ ಅಂಗಾಂಶ ಒತ್ತಾಗಿರುತ್ತದೆ, ಮ್ಯಾಮೋಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಒಂದನ್ನೇ ನಂಬಿದರೆ ಗಂಟು ಕಾಣದೆ ಹೋಗಬಹುದು. ಅದಕ್ಕೇ ಅಲ್ಟ್ರಾಸೌಂಡ್ ಮಾಡಿದರು, ಆಮೇಲೆ ಸೂಜಿಯ ಬಯಾಪ್ಸಿ.

ಲ್ಯಾಬಿನ ಗೆಳತಿಯನ್ನು ಕಾಡಿ ರಿಪೋರ್ಟನ್ನು ಫೋನಿಗೆ ತರಿಸಿಕೊಂಡೆ. ಮಂಡ್ಯದ ಬಸ್ಸಿನಲ್ಲಿದ್ದೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವಾಗ ಓದಿದೆ. ಸ್ತನ ಕ್ಯಾನ್ಸರ್, ಬೇಗ ಬೆಳೆಯುವ ಗ್ರೇಡ್ 3, ಟ್ರಿಪಲ್ ನೆಗೆಟಿವ್. ಅಂದರೆ ಕ್ಯಾನ್ಸರ್ ಕಣಗಳಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳ ಗ್ರಾಹಕಗಳೂ ಇಲ್ಲ, ಹರ್2 ಪ್ರೋಟೀನೂ ಹೆಚ್ಚಿಲ್ಲ. ಹಾರ್ಮೋನ್ ಮಾತ್ರೆ ಕೆಲಸಕ್ಕೆ ಬರುವುದಿಲ್ಲ, ಕೀಮೋನೇ ಮುಖ್ಯ ಆಧಾರ. ಪ್ರತಿ ಪದವೂ ಅರ್ಥವಾಯಿತು. ಪಕ್ಕದ ಸೀಟಿನ ಹೆಂಗಸು ನನ್ನ ಮುಖ ನೋಡಿ ನೀರಿನ ಬಾಟಲಿ ಕೊಟ್ಟರು. ಹಾಗೆ ಒಬ್ಬಳೇ ಓದಬಾರದಿತ್ತು.

ಅಮ್ಮ ಬಾಗಿಲು ಹಾಕಿ ಬಂದು ಹೇಳಿದ್ದು ಒಂದೇ: "ಯಾರ್ಗೂ ಹೇಳ್ಬೇಡ ಕಣವ್ವ, ಗಂಡು ನೋಡ್ತಾ ಇದೀವಿ." ಅವಳ ಭಯ ನನಗೆ ಅರ್ಥವಾಗುತ್ತಿತ್ತು. ನನ್ನ ತಲೆಯಲ್ಲಿ ಇನ್ನೊಂದು ಭಯ ಇತ್ತು. ಕೀಮೋ ಅಂಡಾಶಯಕ್ಕೆ ಪೆಟ್ಟು ಕೊಡಬಹುದು. ಶುರು ಮಾಡುವ ಮೊದಲು ಅಂಡಾಣು ತೆಗೆದು ಶೈತ್ಯದಲ್ಲಿ ಇಡಬಹುದು, ಅದಕ್ಕೆ ಸುಮಾರು ಎರಡು ವಾರ ಸಾಕು. ಇದನ್ನು ಯಾರೂ ತಾವಾಗಿ ನನಗೆ ಹೇಳಲಿಲ್ಲ. ನರ್ಸ್ ಆಗಿದ್ದರಿಂದ ನಾನೇ ಕೇಳಿದೆ. ಗೊತ್ತಿಲ್ಲದ ಹುಡುಗಿ ಹೇಗೆ ಕೇಳಬೇಕು? ಆ ವರ್ಷದ ಕಬ್ಬಿನ ಬಿಲ್ಲು ಬಂದದ್ದನ್ನು ಅಪ್ಪ ಇದಕ್ಕೇ ಕೊಟ್ಟರು. ಎಷ್ಟು, ಯಾಕೆ ಅಂತ ಕೇಳಲಿಲ್ಲ.

ಮೊದಲ ಕೀಮೋ ದಿನ. ಕೆಂಪು ಔಷಧಿ, ಅಡ್ರಿಯಮೈಸಿನ್. ಅದು ನರದಿಂದ ಆಚೆ ಸೋರಿದರೆ ಮಾಂಸವನ್ನೇ ಸುಡುತ್ತದೆ. ಕ್ಯಾನುಲಾ ಹಿಡಿದು ಬಂದವಳು ನನಗಿಂತ ಚಿಕ್ಕವಳು. "ಅಕ್ಕ, ಇರುವೆ ಕಚ್ಚಿದ ಹಾಗೆ" ಅಂದಳು. ಎರಡು ಸಲ ತಪ್ಪಿತು. ಅವಳ ಕೈ ನಡುಗುತ್ತಿತ್ತು. ಇರುವೆ ಕಚ್ಚಿದ ಹಾಗಿರಲಿಲ್ಲ. ನಾನು ಎಷ್ಟು ಜನರಿಗೆ ಹೀಗೆ ಹೇಳಿದ್ದೆನೋ ಅನ್ನಿಸಿ ಕಣ್ಣಲ್ಲಿ ನೀರು ಬಂತು. ನೋವಿಗೆ ಅಂತ ಆ ಹುಡುಗಿ ತಿಳಿದುಕೊಂಡಳು. ಎರಡನೇ ಸಲಕ್ಕೆ ಕೀಮೋ ಪೋರ್ಟ್ ಹಾಕಿಸಿಕೊಂಡೆ, ಅಂದರೆ ದೊಡ್ಡ ನರಕ್ಕೆ ಔಷಧಿ ಕೊಡಲು ಚರ್ಮದ ಕೆಳಗೆ ಇಡುವ ಪುಟ್ಟ ಸಾಧನ.

ಮೂರನೇ ವಾರ ಕೂದಲು ದಿಂಬಿಗೆ ಅಂಟಿಕೊಂಡು ಬಂತು. ಊರಿಗೆಲ್ಲ ಗೊತ್ತಾಯಿತು. ಮುಚ್ಚಿಡುವ ಕಷ್ಟ ಅಲ್ಲಿಗೆ ಮುಗಿಯಿತು. ಒಂದು ರಾತ್ರಿ ಜ್ವರ 101 ಬಂತು. ಅಮ್ಮ ಮಾತ್ರೆ ತಂದಳು. ಬೇಡ, ಗಾಡಿ ತರಿಸು ಅಂದೆ. ಕೀಮೋ ನಡೆಯುವಾಗ 100.4 ದಾಟಿದರೆ ಬೆಳಗಾಗುವ ತನಕ ಕಾಯಬಾರದು, ಬಿಳಿ ರಕ್ತಕಣ ನೆಲ ಕಚ್ಚಿರಬಹುದು.

ಆಮೇಲೆ ಇನ್ನೊಂದು ಕೀಮೋ ಔಷಧಿ ಪ್ಯಾಕ್ಲಿಟ್ಯಾಕ್ಸೆಲ್, ವಾರಕ್ಕೊಂದರಂತೆ 12 ಸಲ. ಅದರಿಂದ ಬೆರಳ ತುದಿ ಜೋಮು ಹಿಡಿಯಿತು. ರವಿಕೆಯ ಹುಕ್ಕು ಹಾಕಲು ಆಗುತ್ತಿರಲಿಲ್ಲ. ಕೂದಲು ಹೋದಾಗ ಇಷ್ಟು ಅತ್ತಿರಲಿಲ್ಲ. ನಾವು ನರ ಹುಡುಕುವುದು ಕಣ್ಣಿನಿಂದಲ್ಲ, ಬೆರಳಿನಿಂದ. ಆ ಬೆರಳೇ ಹೋದರೆ ನಾನು ಏನು?

ಆಪರೇಷನ್, ರೇಡಿಯೇಷನ್ ಎಲ್ಲ ಮುಗಿದು ಕೆಲಸಕ್ಕೆ ಹೋದಾಗ ಮೊದಲು ಫೈಲು, ರಿಜಿಸ್ಟರ್ ಮಾತ್ರ ನೋಡಿದೆ. ಕಂಕುಳಿನ ಗ್ರಂಥಿ ತೆಗೆದದ್ದರಿಂದ ಎಡಗೈಯಲ್ಲಿ ಭಾರ ಎತ್ತುತ್ತಿರಲಿಲ್ಲ. ದಿನಾ ರಾತ್ರಿ ಬಟ್ಟಲಲ್ಲಿ ರಾಗಿ ಹಾಕಿಕೊಂಡು, ಕಣ್ಣು ಮುಚ್ಚಿ, ಒಳಗೆ ಬಿದ್ದ ಹೆಸರುಕಾಳನ್ನು ಹುಡುಕುತ್ತಿದ್ದೆ. ಬೆರಳಿಗೆ ಸ್ಪರ್ಶ ಮರಳಲು ತಿಂಗಳುಗಟ್ಟಲೆ ಹಿಡಿಯಿತು.

ಹೋದ ತಿಂಗಳು ಪಾಂಡವಪುರದ ಕಡೆಯ ಒಬ್ಬ ಅಜ್ಜಿ ಬಂದರು. ಕಡ್ಡಿಯಂತಹ ಕೈ. ಬಿಸಿ ಬಟ್ಟೆ ಸುತ್ತಿ, ಸ್ವಲ್ಪ ಹೊತ್ತು ಬಿಟ್ಟು, ಬೆರಳಿಟ್ಟೆ. ಚರ್ಮದ ಕೆಳಗೆ ನರ ಮೆಲ್ಲಗೆ ಪುಟಿಯಿತು. ನನಗೆ ಸಿಕ್ಕಿತು.

"ಅಜ್ಜಿ, ನೋವಾಗುತ್ತೆ. ಮೂರು ಎಣಿಸ್ತೀನಿ, ಆಮೇಲೆ ಚುಚ್ಚುತ್ತೀನಿ."

"ಎಣಿಸು ಮಗ" ಅಂದರು.