ಹಳೇ ವಾಚು, ಮೂರನೇ ಲೇನು ಮತ್ತು ನಾನು ಕಟ್ಟಿದ ಶುಲ್ಕ

ಮೊನ್ನೆ ಮ್ಯಾರಥಾನ್ ಮುಗಿಸಿ ಬಟನ್ ಒತ್ತಿದಾಗ ಕೈಯಲ್ಲಿದ್ದ ಜಿಪಿಎಸ್ ವಾಚಿನಲ್ಲಿ 3:57 ಇತ್ತು. ದೂರ 42.4 ಕಿ.ಮೀ. ಆ ವಾಚು ನನ್ನ ಕೈಗೆ ಬಂದಾಗಲೇ ಅದಕ್ಕೆ ನಾಲ್ಕು ವರ್ಷ ತುಂಬಿತ್ತು. ಸೆಕೆಂಡ್ ಹ್ಯಾಂಡ್ ಮಾಲು, ಗಾಜಿನ ಮೇಲೆ ಗೀರು, ಪಟ್ಟಿ ಮಾತ್ರ ಹೊಸದು. "ಇದನ್ನ ಕಟ್ಕೊಂಡು ನಾಲ್ಕು ಗಂಟೆ ಒಳಗೆ ಬರ್ತೀಯಾ?" ಎಂದು ಜೊತೆಗಾರರು ಎರಡು ವರ್ಷ ನಕ್ಕಿದ್ದರು. ಈಗ ಅವರೇ ಹೇಗೆ ಮಾಡಿದೆ ಎಂದು ಕೇಳುತ್ತಿದ್ದಾರೆ. ಎಲ್ಲರಿಗೂ ಬೇರೆ ಬೇರೆಯಾಗಿ ಹೇಳಿ ಸಾಕಾಯಿತು. ಒಂದೇ ಸಲ ಬರೆದುಬಿಡುತ್ತೇನೆ.

ಮೊದಲು ದುಡ್ಡಿನ ಕಥೆ. ನಾನು ಕೊಂಡ ಮೊದಲ ವಾಚಿನ ಬೆಲೆಯನ್ನು ನೂರು ಎಂದಿಟ್ಟುಕೊಳ್ಳಿ, ಮಿಕ್ಕ ಬೆಲೆಗಳೂ ಅದೇ ಲೆಕ್ಕದಲ್ಲಿ. ಆ ಕಂಪನಿಯ ಎಲ್ಲಕ್ಕಿಂತ ದೊಡ್ಡ ಮಾಡೆಲ್. ನಕ್ಷೆ, ಹಾಡು, ಟಾರ್ಚು, ನಿದ್ದೆಗೆ ಅಂಕ, ಎಲ್ಲ ಇತ್ತು. ನಕ್ಷೆಯನ್ನು ನಾನು ಒಟ್ಟು ಮೂರು ಸಲ ತೆರೆದಿರಬಹುದು. ಅದರಲ್ಲಿ ಎರಡು ಸಲ ಗೆಳೆಯರಿಗೆ ತೋರಿಸುವುದಕ್ಕೆ. ಆ ವಾಚನ್ನೇ ನಂಬಿ ಓಡಿದ ಮ್ಯಾರಥಾನಿನಲ್ಲಿ ಪೂರ್ತಿ 5:40 ಪೇಸ್, ಅಂದರೆ ಕಿಲೋಮೀಟರಿಗೆ 5 ನಿಮಿಷ 40 ಸೆಕೆಂಡ್, ಹಿಡಿದಿದ್ದೆ. ವಾಚು ಮ್ಯಾರಥಾನಿನ ಪೂರ್ತಿ ದೂರ 42.2 ತೋರಿಸಿದಾಗ ನಾಲ್ಕು ಗಂಟೆ ಆಗಿರಲಿಲ್ಲ. ಕೊನೆಯ ಗೆರೆ ಮಾತ್ರ ಇನ್ನೂ ಅರ್ಧ ಕಿಲೋಮೀಟರ್ ದೂರದಲ್ಲಿತ್ತು! ಮುಗಿಸಿದ್ದು 4:02 ಚಿಲ್ಲರೆಗೆ. ಹದಿನಾಲ್ಕು ತಿಂಗಳಿಗೆ ಅದನ್ನು 48ಕ್ಕೆ ಮಾರಿದೆ.

ಎರಡನೆಯದು ಮಧ್ಯಮ ದರ್ಜೆಯದು, 40ಕ್ಕೆ. ಈ ಸಲ ಜಾಣನಾಗಿದ್ದೆ, ಪರೀಕ್ಷೆ ಮಾಡಿಯೇ ನಂಬುತ್ತೇನೆ ಎಂದು ಟ್ರ್ಯಾಕಿಗೆ ಹೋದೆ. ಹತ್ತು ಸುತ್ತು ಓಡಿದೆ. ನಾಲ್ಕು ಕಿ.ಮೀ. ಬರಬೇಕು, ಅಲ್ವಾ? 4.16 ಬಂತು. ಮಾರನೆಯ ದಿನ ಮತ್ತೆ ಓಡಿದೆ, 4.15. ಇದೂ ಸುಳ್ಳು ಹೇಳುತ್ತದೆ ಎಂದು ಬೈದು 25ಕ್ಕೆ ಕೊಟ್ಟುಬಿಟ್ಟೆ.

ಎರಡು ವರ್ಷ ಆದ ಮೇಲೆ ಅದೇ ಟ್ರ್ಯಾಕಿನಲ್ಲಿ ಈಗಿನ ವಾಚನ್ನು ಪರೀಕ್ಷಿಸುತ್ತಿದ್ದೆ. ಹಿಂದೆ ಓಟಗಾರರಾಗಿದ್ದ ಹಿರಿಯರೊಬ್ಬರು ತಡೆದು ನಿಲ್ಲಿಸಿದರು. "ಏನಪ್ಪಾ, ದೂರ ಅಳೆಯೋನು ಮೂರನೇ ಲೇನಲ್ಲಿ ಯಾಕೆ ಓಡ್ತಿದ್ದೀಯಾ?" ಎಂದರು. 400 ಮೀಟರ್ ಎನ್ನುವುದು ಮೊದಲ ಲೇನಿನ ಲೆಕ್ಕ. ಅದೂ ಒಳ ಅಂಚಿನ ಕಟ್ಟೆಯಿಂದ 30 ಸೆಂ.ಮೀ. ಹೊರಗೆ. ಎರಡನೆಯದು ಸುಮಾರು 407, ಮೂರನೆಯದು 415ರ ಹತ್ತಿರ. ಜೋರಾಗಿ ಓಡುವವರಿಗೆ ದಾರಿ ಬಿಡೋಣ ಎಂದು ನಾನು ಯಾವಾಗಲೂ ಮೂರನೇ ಲೇನು ಹಿಡಿಯುತ್ತಿದ್ದೆ. ಹತ್ತು ಸುತ್ತಿಗೆ 4.15! ನಾನು ಮಾರಿದ ವಾಚು ಪಾಪ ಸರಿಯಾಗಿಯೇ ಹೇಳಿತ್ತು. ಕುಣಿಯಲಾರದೆ ನೆಲ ಡೊಂಕು ಎಂದವನು ನಾನೇ.

ಮೂರನೆಯದು ಸೆಕೆಂಡ್ ಹ್ಯಾಂಡ್, 18ಕ್ಕೆ. ಬ್ಯಾಟರಿ ಇಪ್ಪತ್ತು ಗಂಟೆ ಬರುತ್ತದೆ ಎಂದಿದ್ದರು, ನಾನೂ ಸುಮ್ನೆ ನಂಬಿದೆ. ಮೊದಲ ಉದ್ದನೆಯ ಓಟದಲ್ಲಿ ಮೂರು ಗಂಟೆಗೇ ಮಲಗಿತು. ಹಿಂದಿನ ಚಾರ್ಜಿಂಗ್ ಪಿನ್ನುಗಳು ಬೆವರಿನಿಂದ ಹಸಿರುಗಟ್ಟಿದ್ದವು, ಕೊಳ್ಳುವಾಗ ತಿರುಗಿಸಿ ನೋಡಿರಲಿಲ್ಲ. ಅದು ಈಗ ಹಾಸಿಗೆ ಪಕ್ಕದ ಗಡಿಯಾರ.

ಹೀಗೆ ಹೋದದ್ದು 52, 15, 18, ಒಟ್ಟು 85. ಕಲಿಕೆಯ ಶುಲ್ಕ ಎಂದು ಸಮಾಧಾನ ಮಾಡಿಕೊಂಡೆ.

ನಾಲ್ಕನೆಯದನ್ನು ಕೊಳ್ಳುವ ಮೊದಲು ಒಂದು ತಿಂಗಳು ನನ್ನದೇ ಹಳೇ ಓಟಗಳನ್ನು ತೆಗೆದು ನೋಡಿದೆ. ಅತಿ ಉದ್ದದ್ದು ಆರೂವರೆ ಗಂಟೆ. ನೂರಕ್ಕೆ ತೊಂಬತ್ತು ಪಾಲು ಓಟ ತೆರೆದ ಆಕಾಶದ ಕೆಳಗೆ. ಓಡುವಾಗ ನೋಡುವುದು ಮೂರು ಅಂಕಿ. ಅಷ್ಟಕ್ಕೆ ಎರಡು ತಲೆಮಾರು ಹಿಂದಿನ ವಾಚು ಸಾಕು ಅನ್ನಿಸಿತು. ಇದನ್ನು ಹೇಳಿದಾಗಲೇ ನಗು ಶುರುವಾಗಿದ್ದು. "ಮಲ್ಟಿಬ್ಯಾಂಡ್ ಇಲ್ಲದೆ ಈಗ ಯಾರು ಓಡ್ತಾರೆ?" ಎಂದರು. ಮಲ್ಟಿಬ್ಯಾಂಡ್ ಅಂದರೆ ಉಪಗ್ರಹದ ಸಿಗ್ನಲ್ಲನ್ನು ಎಲ್1, ಎಲ್5 ಎಂಬ ಎರಡು ತರಂಗಾಂತರದಲ್ಲಿ ಹಿಡಿಯುವುದು. ಎತ್ತರದ ಕಟ್ಟಡಗಳ ನಡುವೆ, ಬಂಡೆಗೋಡೆ ಪಕ್ಕದಲ್ಲಿ ಓಡುವವರಿಗೆ ಮಲ್ಟಿಬ್ಯಾಂಡ್ ಬೇಕು, ಒಪ್ಪುತ್ತೇನೆ. ಗೋಡೆಗೆ ಬಡಿದು ಬರುವ ಸಿಗ್ನಲ್ಲನ್ನು ಎಲ್1 ಒಂದೇ ಇರುವ ವಾಚಿಗಿಂತ ಎಲ್5 ಕೂಡ ಇರುವುದು ಚೆನ್ನಾಗಿ ಬೇರ್ಪಡಿಸುತ್ತದೆ. ಆದರೆ ಬ್ಯಾಟರಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬಯಲಲ್ಲಿ ಓಡುವ ನನಗೆ ಅದರಿಂದ ಏನೂ ಸಿಗುವುದಿಲ್ಲ. ಬೇಕೇ ಬೇಕು ಎನ್ನುವವರೂ ದೊಡ್ಡ ಮಾಡೆಲಿಗೆ ಹೋಗಬೇಕಿಲ್ಲ. 2022ರ ಗಾರ್ಮಿನ್ ಫೋರ್‌ರನ್ನರ್ 255, 2023ರ ಕೊರೋಸ್ ಪೇಸ್ 3 ಎರಡರಲ್ಲೂ ಇದೆ. ಹಳೇ ಮಾಲಾಗಿ ಹುಡುಕುವುದಾದರೆ ಅಂಥವನ್ನು ಹುಡುಕಿ.

ಈಗಿನ ವಾಚು 22ಕ್ಕೆ ಬಂತು. ಕೊಳ್ಳುವ ಮೊದಲು ಮಾರುವವರ ಎದುರೇ ಮೂರು ಪರೀಕ್ಷೆ ಮಾಡಿದೆ. ಒಂದು ಬ್ಯಾಟರಿಯದು. ಪೂರ್ತಿ ಚಾರ್ಜಿನಿಂದ ಶುರು ಮಾಡಬೇಡಿ. ನಾನು ನೋಡಿದ ವಾಚುಗಳಲ್ಲಿ ಮೊದಲ ಹತ್ತು ಶೇಕಡಾ ನಿಧಾನವಾಗಿ ಇಳಿದು ಮೋಸ ಮಾಡುತ್ತದೆ. 60–70ರಲ್ಲಿ ಇಟ್ಟುಕೊಂಡು, ಬಯಲಲ್ಲಿ ಜಿಪಿಎಸ್ ಹಾಕಿ ಒಂದು ಗಂಟೆ ಬಿಡಿ. ಐದು ಇಳಿದರೆ ಇಪ್ಪತ್ತು ಗಂಟೆ. ಹತ್ತು ಇಳಿದರೆ ನಮಸ್ಕಾರ ಹೇಳಿ ಬನ್ನಿ. ನನ್ನದು ಆರೋ ಏಳೋ ಇಳಿದಿತ್ತು. ಎರಡನೆಯದು ನೇರ ರಸ್ತೆಯ ಒಂದೇ ಬದಿಯಲ್ಲಿ ಹೋಗಿ ಬರುವುದು. ಎರಡು ಗೆರೆ ಒಂದರ ಮೇಲೊಂದು ಕೂತರೆ ಆಂಟೆನಾ ಚೆನ್ನಾಗಿದೆ. ಮೂರನೆಯದು ಬಟನ್ನುಗಳು. ಪ್ರತಿಯೊಂದನ್ನೂ ಇಪ್ಪತ್ತು ಸಲ ಒತ್ತಿ. ಇದರ ಜೊತೆ ಮಾರುವವರಿಗೆ ಒಂದು ಪ್ರಶ್ನೆ ಕೇಳುತ್ತೇನೆ. ಅವರು ಉತ್ತರ ಕೊಡುವ ರೀತಿಯಲ್ಲೇ ವಾಚು ಎಷ್ಟು ದುಡಿದಿದೆ ಎಂದು ಗೊತ್ತಾಗುತ್ತದೆ. ಆ ಪ್ರಶ್ನೆಯನ್ನು ಇಲ್ಲಿ ಬರೆದರೆ ನಾಳೆ ಎಲ್ಲ ಮಾರುವವರೂ ಉತ್ತರ ಸಿದ್ಧ ಮಾಡಿಕೊಳ್ಳುತ್ತಾರೆ, ಹಾಗಾಗಿ ಬಿಟ್ಟಿದ್ದೇನೆ.

ಮಾಡೆಲ್ ಹುಡುಕುವುದಕ್ಕೆ ತಲೆ ಕೆಡಿಸಿಕೊಂಡಷ್ಟು ಜನ ಸೆಟ್ಟಿಂಗಿಗೆ ಕೆಡಿಸಿಕೊಳ್ಳುವುದಿಲ್ಲ. ರೆಕಾರ್ಡಿಂಗ್ ಪ್ರತಿ ಸೆಕೆಂಡ್ ಇರಲಿ. ಒಮ್ಮೆ ಬೆಟ್ಟದ ಓಟಕ್ಕೆ ಬ್ಯಾಟರಿ ಉಳಿಸುವ ಮೋಡ್ ಹಾಕಿದ್ದೆ. ತಿರುವುಗಳನ್ನೆಲ್ಲ ನುಂಗಿ, 17 ಕಿ.ಮೀ. ಓಟವನ್ನು 14 ಎಂದಿತು. ಹೊರಡುವ ಹಿಂದಿನ ರಾತ್ರಿ ಫೋನಿಗೆ ಜೋಡಿಸಿ ಉಪಗ್ರಹಗಳು ಎಲ್ಲೆಲ್ಲಿ ಇರುತ್ತವೆ ಎನ್ನುವ ಫೈಲು ತರಿಸಿಕೊಳ್ಳಿ. ಅದಿಲ್ಲದಿದ್ದರೆ ವಾಚು ಆ ಮಾಹಿತಿಯನ್ನು ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು. ಅದು ಬರುವುದು ಸೆಕೆಂಡಿಗೆ 50 ಬಿಟ್ ವೇಗದಲ್ಲಿ. ಆಕಾಶ ಪೂರ್ತಿ ಕಾಣದ ಕಡೆ ನಿಂತು ಕಾಯುತ್ತಲೇ ಇರಬೇಕಾಗುತ್ತದೆ. ಸಿಗ್ನಲ್ ಸಿಕ್ಕಿತು ಎಂದ ಮೇಲೂ ನಾನು ಒಂದೆರಡು ನಿಮಿಷ ನಿಲ್ಲುತ್ತೇನೆ. ಸಿಕ್ಕ ಕೂಡಲೇ ಓಡಿದ ದಿನ ಮೊದಲ ಕಿಲೋಮೀಟರ್ ಯಾವಾಗಲೂ ಹುಚ್ಚುಗೆರೆ.

ಎದೆಬಡಿತಕ್ಕೆ ಮಣಿಕಟ್ಟಿನ ಬೆಳಕನ್ನು ನಾನು ನಂಬುವುದಿಲ್ಲ. ಒಂದು ದಿನ ನಿಧಾನವಾಗಿ ಓಡುತ್ತಿದ್ದರೂ 172 ತೋರಿಸಿತು. ಹೆದರಿ ನಿಂತೆ. ಮನೆಗೆ ಬಂದು ನೋಡಿದರೆ ಹೆಜ್ಜೆಯ ಲೆಕ್ಕವೂ ನಿಮಿಷಕ್ಕೆ 172! ಹೆಜ್ಜೆಯನ್ನೇ ಬಡಿತ ಎಂದು ಎಣಿಸಿತ್ತು. ಎದೆಪಟ್ಟಿಗೆ 7 ಹಾಕಿದೆ. ಮೂರು ವರ್ಷದಲ್ಲಿ ಅದಕ್ಕಾದ ಖರ್ಚು ಎರಡು ಬಟನ್ ಸೆಲ್ಲು.

ಫುಟ್‌ಪಾಡಿಗೆ, ಅಂದರೆ ಶೂಗೆ ಸಿಕ್ಕಿಸಿ ಹೆಜ್ಜೆಯಿಂದ ದೂರ ಅಳೆಯುವ ಸಣ್ಣ ಸಾಧನಕ್ಕೆ, 9. ಕೊನೆಗೆ ಗೆಲ್ಲಿಸಿದ್ದು ಇದೇ. ಜಿಪಿಎಸ್ ಪೇಸ್ ಮರದ ಕೆಳಗೆ ಕುಣಿಯುತ್ತದೆ, ಪಾಡು ಕುಣಿಯುವುದಿಲ್ಲ. ಮೊದಲ ಲೇನಿನಲ್ಲೇ ಹತ್ತು ಸುತ್ತು ಓಡಿದಾಗ ಪಾಡು 3.92 ಅಂದಿತು. ಅಂದರೆ ಅದರ ಲೆಕ್ಕ ಸರಿಮಾಡುವ ಫ್ಯಾಕ್ಟರ್ ನೂರಕ್ಕೆ 102. ಹಾಕಿದೆ, ಮತ್ತೆ ಓಡಿದೆ, 3.99. ಆಟೋ ಕ್ಯಾಲಿಬ್ರೇಷನ್ ಆಫ್ ಮಾಡಲೇಬೇಕು. ಇಲ್ಲದಿದ್ದರೆ ಜಿಪಿಎಸ್ ತನ್ನ ತಪ್ಪನ್ನು ಪಾಡಿಗೂ ಕಲಿಸುತ್ತದೆ. ಇದನ್ನು ಮರೆತು ಆರು ವಾರ ಹಾಳು ಮಾಡಿಕೊಂಡಿದ್ದೆ.

ನಡುವೆ ಬೇಡದ ಪ್ರಯೋಗಗಳನ್ನೂ ಮಾಡಿದ್ದೇನೆ. ಕೆರೆಯಲ್ಲಿ ಈಜುವಾಗ ವಾಚನ್ನು ಮಣಿಕಟ್ಟಿನಿಂದ ಬಿಚ್ಚಿ, ಈಜುಟೋಪಿಯೊಳಗೆ ತಲೆಯ ಹಿಂಭಾಗಕ್ಕೆ ಇಟ್ಟೆ. ಕೈ ಪ್ರತಿ ಸಲ ನೀರಿಗೆ ಹೋದಾಗ ಸಿಗ್ನಲ್ ಸಾಯುತ್ತದೆ, ತಲೆ ಮೇಲೇ ಇರುತ್ತದೆ. ಗೆರೆ ದಾರ ಎಳೆದ ಹಾಗೆ ಬಂತು. ನೋಡಿದವರು ಮಾತ್ರ ತಲೆಗೆ ಏನಾಯಿತು ಎಂದು ಕೇಳಿದರು. ಒಂದೇ ಮಾಡೆಲಿನ ಎರಡು ವಾಚನ್ನು ಎರಡು ಕೈಗೆ ಕಟ್ಟಿ ಹತ್ತು ಕಿ.ಮೀ. ಓಡಿದಾಗ ಐವತ್ತೋ ಅರವತ್ತೋ ಮೀಟರ್ ವ್ಯತ್ಯಾಸ. ಆಮೇಲಿಂದ ಎರಡು ಕಂಪನಿಗಳ ನಡುವಿನ ಇಪ್ಪತ್ತು ಮೀಟರ್ ಜಗಳಕ್ಕೆ ನಾನು ಹೋಗುವುದಿಲ್ಲ. ಏರು-ಇಳಿತದ ಲೆಕ್ಕ ಒಂದು ತಿಂಗಳು ಸೊನ್ನೆ ಬರುತ್ತಿತ್ತು. ಗಾಳಿಯ ಒತ್ತಡ ಅಳೆಯುವ ಸಣ್ಣ ತೂತಿನಲ್ಲಿ ಬೆವರು ಕಟ್ಟಿತ್ತು ಅಷ್ಟೇ. ಉಗುರುಬೆಚ್ಚನೆ ನೀರಿನಲ್ಲಿ ನೆನೆಸಿದೆ, ಸರಿಹೋಯಿತು. ಸೂಜಿ ಹಾಕಿ ಚುಚ್ಚಲು ಹೋಗಬೇಡಿ.

ಇನ್ನು ಓಟದ ದಿನ. ಮ್ಯಾರಥಾನ್ ದಾರಿಯನ್ನು ಅಳೆಯುವಾಗ ಓಡಬಹುದಾದ ಅತಿ ಹತ್ತಿರದ ಹಾದಿಯನ್ನು ಹಿಡಿದು ಅಳೆಯುತ್ತಾರೆ. ಕಡಿಮೆ ಆಗದಿರಲಿ ಎಂದು ಕಿಲೋಮೀಟರಿಗೆ ಒಂದು ಮೀಟರ್ ಜಾಸ್ತಿಯೂ ಸೇರಿಸುತ್ತಾರೆ. ಅಂದರೆ ತಿರುವನ್ನು ಎಷ್ಟು ಚೆನ್ನಾಗಿ ಕತ್ತರಿಸಿದರೂ 42.195 ಮೀರಿಯೇ ಮೀರುತ್ತದೆ. ನೀರಿನ ಮೇಜಿಗೆ ಹೋಗಿ ಬಂದರೆ ಇನ್ನಷ್ಟು. ನನ್ನ 4:02ರ ಗುಟ್ಟು ಇದೇ. ತಪ್ಪು ವಾಚಿನದು ಸ್ವಲ್ಪ, ನಾನು ಹೊರಗಿನಿಂದ ಸುತ್ತಿ ಓಡಿದ್ದು ಜಾಸ್ತಿ.

ಈ ಸಲ ವಾಚು ತಾನೇ ಕಿಲೋಮೀಟರ್ ಎಣಿಸುವ ಆಟೋ ಲ್ಯಾಪ್ ತೆಗೆದುಹಾಕಿದೆ. ಪ್ರತಿ ಕಿಲೋಮೀಟರ್ ಬೋರ್ಡಿನ ಹತ್ತಿರ ನಾನೇ ಬಟನ್ ಒತ್ತಿದೆ. ಗುರಿ 5:36. ಸ್ಕ್ರೀನಿನಲ್ಲಿ ಎರಡೇ ಅಂಕಿ. ಒಂದು ಈ ಲ್ಯಾಪಿನ ಸಮಯ. ಇನ್ನೊಂದು ಯಾವುದು ಎಂದು ನನ್ನ ಜೊತೆಗಾರರಿಗೂ ಹೇಳಿಲ್ಲ. 30 ದಾಟಿದ ಮೇಲೆ ಅದೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ವಾಚು 42.4 ತೋರಿಸಿತು, ತೋರಿಸಲಿ. ಜೊತೆಗಿದ್ದ ಹೊಚ್ಚಹೊಸ ದೊಡ್ಡ ಮಾಡೆಲ್ 42.8 ತೋರಿಸಿತ್ತು. ಅದರ ಯಜಮಾನ ನನಗಿಂತ ಆರು ನಿಮಿಷ ಹಿಂದೆ ಬಂದ.

ವಾಚು, ಎದೆಪಟ್ಟಿ, ಪಾಡು ಸೇರಿ ಒಟ್ಟು 38ರಲ್ಲಿ ಮೂರು ವರ್ಷ ನಡೆದಿದೆ. ಬ್ಯಾಟರಿ ಮೊದಲು ಹದಿನೈದು ಗಂಟೆ ಬರುತ್ತಿತ್ತು, ಈಗ ಹನ್ನೊಂದು ಇರಬಹುದು. ಆರೂವರೆಗೆ ಇಳಿಯುವವರೆಗೂ ಬದಲಿಸುವ ಮಾತಿಲ್ಲ.

ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಗೆಳೆಯ ಹೋದ ವಾರ ಒಂದು ಹಳೇ ವಾಚು ಹುಡುಕಿದ್ದ. ಮಾರುವವರನ್ನು ಟ್ರ್ಯಾಕಿಗೇ ಕರೆಸಿದೆವು. ಮೊದಲ ಲೇನಿನಲ್ಲಿ ಹತ್ತು ಸುತ್ತು, 4.03. ಬ್ಯಾಟರಿ ಗಂಟೆಗೆ ಎಂಟು ಇಳಿಯಿತು. ನಾನು ಮುಖ ಸಿಂಡರಿಸಿದೆ, ಬೆಲೆ ಇಳಿಯಿತು, ಅವನು ಅಲ್ಲೇ ಕಟ್ಟಿಕೊಂಡ. ಈಗ ಫುಟ್‌ಪಾಡ್ ಎರವಲು ಕೇಳುತ್ತಿದ್ದಾನೆ. ಅದನ್ನು ಮಾತ್ರ ಕೊಡುವುದಿಲ್ಲ.