ಕೀಟ ಬೆಳವಣಿಗೆ ನಿಯಂತ್ರಕ: ಹುಳುವಿನ ವಯಸ್ಸು ನೋಡಿ ಸಿಂಪಡಿಸುವ ಬಗೆ

ಸಿಂಪಡಿಸಿ ಎರಡು ದಿನವಾದರೂ ಹುಳು ಎಲೆ ಮೇಲೆ ಓಡಾಡುತ್ತಿದೆ, ಔಷಧಿ ನಕಲಿ ಇರಬೇಕು ಎಂಬುದು ಬೆಳವಣಿಗೆ ನಿಯಂತ್ರಕಗಳ ಬಗ್ಗೆ ಮತ್ತೆ ಮತ್ತೆ ಕೇಳಿಬರುವ ದೂರು. ಈ ಗುಂಪಿನ ಔಷಧಿಗಳು ನರಮಂಡಲಕ್ಕೆ ಕೈ ಹಾಕುವುದಿಲ್ಲ. ಹುಳು ಪೊರೆ ಕಳಚುವಾಗ, ಕೋಶವಾಗುವಾಗ (ರೆಕ್ಕೆಯ ಕೀಟವಾಗುವ ಮುಂಚಿನ ಹಂತ) ಅಥವಾ ಮೊಟ್ಟೆ ಒಡೆಯುವಾಗ ಆ ಕೆಲಸವನ್ನು ಕೆಡಿಸುತ್ತವೆ. ಆ ಗಳಿಗೆ ಬರುವವರೆಗೆ ಹುಳು ಬದುಕಿಯೇ ಇರುತ್ತದೆ. ಆದ್ದರಿಂದ ಇಲ್ಲಿ ಪ್ರಮಾಣದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಸಿಂಪಡಿಸುವ ಹೊತ್ತು ಲೆಕ್ಕಕ್ಕೆ ಬರುತ್ತದೆ.

ಒಳಗೆ ಏನಾಗುತ್ತದೆ

ಹುಳುವಿನ ಹೊರಚರ್ಮ ಒಂದು ಮಿತಿಯ ಆಚೆ ಹಿಗ್ಗದು. ಬೆಳೆಯಬೇಕಾದರೆ ಹಳೆಯದರ ಅಡಿಯಲ್ಲಿ ಕೈಟಿನ್ ಎಂಬ ಗಟ್ಟಿ ಪದಾರ್ಥದಿಂದ ಹೊಸ ಚರ್ಮ ಕಟ್ಟಿಕೊಂಡು ಹಳೆಯದನ್ನು ಬಿಡಬೇಕು. ರೇಷ್ಮೆ ಸಾಕುವವರು ಜ್ವರ ಎಂದು ಕರೆಯುವುದು ಇದನ್ನೇ. ಎಕ್ಡೈಸೋನ್ ಹಾರ್ಮೋನು ಪೊರೆ ಬಿಡುವ ಕೆಲಸಕ್ಕೆ ಚಾಲನೆ ಕೊಡುತ್ತದೆ. ಜುವೆನೈಲ್ ಹಾರ್ಮೋನು ಇರುವವರೆಗೆ ಪೊರೆ ಬಿಟ್ಟ ಹುಳು ಮತ್ತೆ ಹುಳುವಾಗಿಯೇ ಉಳಿಯುತ್ತದೆ. ಕೊನೆಯ ಹಂತದಲ್ಲಿ ಅದು ಇಳಿದಾಗ ಮಾತ್ರ ಕೋಶವಾಗಲು ದಾರಿ.

ಡೈಫ್ಲುಬೆಂಜುರಾನ್, ಲುಫೆನುರಾನ್, ನೊವಾಲುರಾನ್‌ಗಳು ಕೈಟಿನ್ ಕಟ್ಟುವುದನ್ನು ತಡೆಯುತ್ತವೆ. ಹೊಸ ಚರ್ಮ ತೆಳುವಾಗಿ, ಪೊರೆ ಬಿಡುವ ಒತ್ತಡಕ್ಕೆ ಹರಿದು, ಒಳಗಿನ ದ್ರವ ಸೋರಿ ಹುಳು ಕಪ್ಪಾಗುತ್ತದೆ. ಟೆಬುಫೆನೊಜೈಡ್, ಮೆಥಾಕ್ಸಿಫೆನೊಜೈಡ್‌ಗಳು ಎಕ್ಡೈಸೋನ್‌ನಂತೆ ನಟಿಸಿ ಅಕಾಲದಲ್ಲಿ ಪೊರೆ ಬಿಡಿಸುತ್ತವೆ. ನಿಜವಾದ ಹಾರ್ಮೋನು ಕೆಲಸ ಮುಗಿಸಿ ಇಳಿದುಹೋಗುತ್ತದೆ, ಇವು ಇಳಿಯುವುದಿಲ್ಲ. ಹೀಗಾಗಿ ಶುರುವಾದ ಕೆಲಸ ಮುಗಿಯದು, ಹಳೆಯ ತಲೆಚಿಪ್ಪು ಬಾಯಿಯ ಮೇಲೆ ಜಾರಿ ಕೂತು ಹುಳು ಹಸಿವಿನಿಂದ ಸಾಯುತ್ತದೆ. ಇದರಲ್ಲೊಂದು ಅನುಕೂಲವಿದೆ: ಸಾಯಲು ದಿನಗಳು ಹಿಡಿದರೂ ತಿನ್ನುವುದು ಮಾತ್ರ ಒಂದು ದಿನದೊಳಗೆ ನಿಲ್ಲುತ್ತದೆ. ಪೈರಿಪ್ರಾಕ್ಸಿಫೆನ್, ಮೆಥೊಪ್ರೀನ್‌ಗಳು ಜುವೆನೈಲ್ ಹಾರ್ಮೋನಿನ ಪಡಿಯಚ್ಚು. ಇಳಿಯಬೇಕಾದ ಸಂಕೇತ ಇಳಿಯದೆ ಉಳಿದು ಅರೆಹುಳು ಅರೆಕೋಶದಂಥ ಜೀವಿಗಳು, ಮುದುಡಿದ ರೆಕ್ಕೆಯ ಬಂಜೆ ಕೀಟಗಳು ಹುಟ್ಟುತ್ತವೆ.

ಯಾವ ಕೀಟಕ್ಕೆ ಯಾವುದು

ತಪ್ಪು ಹೆಚ್ಚಾಗಿ ಆಗುವುದು ಇಲ್ಲೇ. ನೊವಾಲುರಾನ್ ಗುಂಪು ಮುಖ್ಯವಾಗಿ ಹೊಟ್ಟೆಗೆ ಹೋಗಿ ಕೆಲಸ ಮಾಡುವಂಥದ್ದು, ಎಲೆಯ ಮೇಲೆ ಉಳಿಯುವಂಥದ್ದು. ಎಲೆ ಅಗಿಯುವ ಹುಳುವಿಗೆ ಅದು ಸರಿ. ಕಾಂಡದೊಳಗೆ ಅಥವಾ ಕಾಯೊಳಗೆ ಆಗಲೇ ಸೇರಿಕೊಂಡ ಕೊರಕಕ್ಕೆ ಮುಟ್ಟದು, ರಸ ಹೀರುವ ಹೇನಿಗೂ ಅದರಿಂದ ಪ್ರಯೋಜನ ಕಡಿಮೆ. ಜಿಗಿಹುಳು, ಬಿಳಿನೊಣ, ಹಿಟ್ಟುತಿಗಣೆಗಳ ಮರಿಗಳಿಗೆ ಬುಪ್ರೊಫೆಜಿನ್ ಬೇಕು. ಬಿಳಿನೊಣದ ಮೊಟ್ಟೆ ಮತ್ತು ಕೊನೆಯ ಹಂತದ ಮರಿಗೆ ಪೈರಿಪ್ರಾಕ್ಸಿಫೆನ್ ಚೆನ್ನಾಗಿ ತಾಗುತ್ತದೆ. ನೊಣಜಾತಿಯ ಮರಿಗಳಿಗೆ, ಎಲೆ ಸುರಂಗಕೀಟವೂ ಸೇರಿ, ಸೈರೊಮಜೈನ್. ಟೆಬುಫೆನೊಜೈಡ್ ಚಿಟ್ಟೆ-ಪತಂಗಗಳ ಹುಳುಗಳಿಗೆ ಮಾತ್ರ ಹಿಡಿಯುವುದರಿಂದ ಮಿತ್ರಕೀಟಗಳಿಗೆ ತೊಂದರೆ ಕಡಿಮೆ. ರೆಕ್ಕೆ ಬಂದ ಪ್ರೌಢಕೀಟವನ್ನು ಇವುಗಳಲ್ಲಿ ಯಾವುದೂ ನೇರವಾಗಿ ಕೊಲ್ಲುವುದಿಲ್ಲ ಎಂದೇ ಹಿಡಿದು ನಡೆಯಿರಿ.

ವಯಸ್ಸು ಗುರುತಿಸುವುದು

ಗಿಡದ ಸಾಲುಗಳಲ್ಲಿ ಅಲ್ಲಲ್ಲಿ ಒಟ್ಟು 20–25 ಹುಳು ಹಿಡಿದು ಬಿಳಿ ಹಾಳೆಯ ಮೇಲಿಟ್ಟು ತಲೆಯ ಗಾತ್ರ ಹೋಲಿಸಿ. ಮೈ ತಿಂದ ಹಾಗೆ ಉಬ್ಬುತ್ತದೆ, ತಲೆಚಿಪ್ಪು ಪೊರೆ ಬಿಟ್ಟಾಗ ಮಾತ್ರ ದೊಡ್ಡದಾಗುತ್ತದೆ, ಒಮ್ಮೆಗೆ ಸುಮಾರು 1.4 ಪಟ್ಟು. ಎಲೆ ತಿನ್ನುವ ಸ್ಪೊಡಾಪ್ಟೆರಾ ಹುಳುವಿಗೆ ಸಾಮಾನ್ಯವಾಗಿ ಆರು ಹಂತ. ಮೊದಲ ಎರಡು ಹಂತಗಳಲ್ಲಿ ಗುಂಪಾಗಿ ಕೂತು ಎಲೆಯ ಹಸಿರು ಕೆರೆದು ಜರಡಿಯಂತೆ ಮಾಡುತ್ತವೆ. ಸಿಂಪಡಿಸಬೇಕಾದ್ದು ಆಗಲೇ, ತಡವೆಂದರೆ ಮೂರನೇ ಹಂತದೊಳಗೆ. ಆರನೇ ಹಂತದ ಹುಳು ಸಾಯುವ ಮುನ್ನ ಬೆಳೆ ಮುಗಿಸಿರುತ್ತದೆ. ಅಲ್ಲಿಗೆ ಬಂದ ಮೇಲೆ ಈ ಗುಂಪಿನ ಔಷಧಿ ಮೇಲೆ ಹಣ ಸುರಿಯಬೇಡಿ.

ಅಳತೆ ಮತ್ತು ಸಿಂಪಡಣೆ

ಮೊದಲು ಬರೀ ನೀರು ತುಂಬಿ 100 ಚದರ ಮೀಟರಿಗೆ ಎಂದಿನ ನಡಿಗೆಯಲ್ಲಿ ಸಿಂಪಡಿಸಿ, ಖರ್ಚಾದ ನೀರನ್ನು 100ರಿಂದ ಗುಣಿಸಿ. 5 ಲೀಟರ್ ಹೋಗಿದ್ದರೆ ಹೆಕ್ಟೇರಿಗೆ 500 ಲೀಟರ್. ಲೀಟರಿಗೆ 100 ಗ್ರಾಂ ಸಕ್ರಿಯ ಅಂಶವಿರುವ ಔಷಧಿಯನ್ನು ಹೆಕ್ಟೇರಿಗೆ 75 ಗ್ರಾಂ ಸಕ್ರಿಯ ಅಂಶ ಸೇರುವಂತೆ ಕೊಡಬೇಕೆಂದು ಲೇಬಲ್ ಹೇಳಿದರೆ 750 ಮಿ.ಲೀ. ಬೇಕು, ಅಂದರೆ ಲೀಟರ್ ನೀರಿಗೆ 1.5 ಮಿ.ಲೀ., 16 ಲೀಟರಿನ ಪಂಪಿಗೆ 24 ಮಿ.ಲೀ. ಇದೇ ಮಿಶ್ರಣವನ್ನು ಅವಸರದಲ್ಲಿ ಹೆಕ್ಟೇರಿಗೆ 300 ಲೀಟರಿನಲ್ಲೇ ಮುಗಿಸಿದರೆ ಬೆಳೆಗೆ ಸೇರುವುದು 45 ಗ್ರಾಂ ಮಾತ್ರ. ಔಷಧಿ ಹಿಡಿಯಲಿಲ್ಲ ಎಂಬ ದೂರುಗಳ ಹಿಂದೆ ಈ ಲೆಕ್ಕ ತಪ್ಪಿರುವುದೂ ಉಂಟು. ನಿಮ್ಮ ಬೆಳೆ, ನಿಮ್ಮ ಕೀಟಕ್ಕೆ ಲೇಬಲ್ಲಿನ ಪ್ರಮಾಣವೇ ಅಂತಿಮ.

ಎಲೆಯ ಅಡಿಭಾಗ ನೆನೆಯಬೇಕು. ಇವುಗಳಲ್ಲಿ ಹೆಚ್ಚಿನವು ಗಿಡದೊಳಗೆ ಹರಿದಾಡುವುದಿಲ್ಲವಾದ್ದರಿಂದ ಹುಳು ಕಚ್ಚುವ ಜಾಗದಲ್ಲೇ ಔಷಧಿ ಬಿದ್ದಿರಬೇಕು. ಹೊಸ ಚಿಗುರಿಗೆ ರಕ್ಷಣೆ ಇರುವುದಿಲ್ಲ. ಚಿಗುರು ಬೇಗ ಬರುವ ಬೆಳೆಯಲ್ಲಿ ವಾರ ಕಳೆದ ಮೇಲೆ ಮತ್ತೆ ಹುಳು ಎಣಿಸಿಯೇ ಮುಂದಿನ ತೀರ್ಮಾನ ಮಾಡಿ. ಸುಣ್ಣದಂಥ ಕ್ಷಾರ ಪದಾರ್ಥಗಳ ಜೊತೆ ಬೆರೆಸಬೇಡಿ.

ಸೊಳ್ಳೆ ಮರಿಗೆ ಲೆಕ್ಕ ಇನ್ನೂ ಚಿಕ್ಕದು. ಕುಡಿಯುವ ನೀರಿನ ತೊಟ್ಟಿಗೆ ಪೈರಿಪ್ರಾಕ್ಸಿಫೆನ್‌ನ ಮಿತಿ ಲೀಟರಿಗೆ 0.01 ಮಿ.ಗ್ರಾಂ. 1000 ಲೀಟರಿಗೆ 10 ಮಿ.ಗ್ರಾಂ ಸಕ್ರಿಯ ಅಂಶ, ಶೇ 0.5ರ ಹರಳಾದರೆ 2 ಗ್ರಾಂ. ಕುಡಿಯುವ ನೀರಿಗೆಂದೇ ಒಪ್ಪಿಗೆ ಪಡೆದ ಹರಳನ್ನು ಮಾತ್ರ ಹಾಕಬೇಕು, ಬೆಳೆಗೆ ಸಿಂಪಡಿಸುವ ದ್ರಾವಣವನ್ನಲ್ಲ. ಹಾಕಿದ ಮೇಲೂ ಮರಿಗಳು ಈಜುತ್ತಿರುತ್ತವೆ, ಗಾಬರಿಯಾಗಿ ಮತ್ತೆ ಸುರಿಯಬೇಡಿ. ಅವು ಸಾಯುವುದು ಕೋಶದ ಹಂತದಲ್ಲಿ.

ಕೆಲಸ ಮಾಡಿತೇ ಎಂದು ತಿಳಿಯುವುದು

ಸಿಂಪಡಿಸಿದ ಕಡೆಯಿಂದ 20, ಸಿಂಪಡಿಸದ ಕಡೆಯಿಂದ 20 ಹುಳು ತಂದು, ಆಯಾ ಕಡೆಯ ಎಲೆಯನ್ನೇ ಕೊಟ್ಟು, ಗಾಳಿಯಾಡುವ ಡಬ್ಬಿಗಳಲ್ಲಿಡಿ. ಒಂದನ್ನೊಂದು ತಿನ್ನುವ ಜಾತಿಯಾದರೆ ಡಬ್ಬಿಗೆ ಒಂದೇ. 3, 5, 7ನೇ ದಿನ ಎಣಿಸಿ. ಏಳನೇ ದಿನ ಸಿಂಪಡಿಸದ ಗುಂಪಿನಲ್ಲಿ 19, ಸಿಂಪಡಿಸಿದ ಗುಂಪಿನಲ್ಲಿ 4 ಉಳಿದರೆ 19ರಿಂದ 4 ಕಳೆದು 19ರಿಂದ ಭಾಗಿಸಿ: ಶೇ 79 ಪರಿಣಾಮ. ಮೊದಲ ದಿನದ ಎಣಿಕೆಯಿಂದ ಏನೂ ತಿಳಿಯದು. ಜುವೆನೈಲ್ ಹಾರ್ಮೋನ್ ಮಾದರಿಯಾದರೆ ಸತ್ತ ಹುಳು ಎಣಿಸಬೇಡಿ, ಎಷ್ಟು ಕೀಟ ಸರಿಯಾದ ರೆಕ್ಕೆಯೊಂದಿಗೆ ಹೊರಬಂತು ಎಂದು ನೋಡಿ. ಔಷಧಿಯಿಲ್ಲದ ನೀರಿನಿಂದ 24 ಸೊಳ್ಳೆ ಬಂದು, ಔಷಧಿ ಹಾಕಿದ ಅಷ್ಟೇ ಮರಿಗಳಿಂದ 3 ಬಂದರೆ ಶೇ 87.5 ತಡೆ. ಔಷಧಿಯಿಲ್ಲದ ನೀರಿನಲ್ಲೇ ಶೇ 80ಕ್ಕಿಂತ ಕಡಿಮೆ ಮರಿ ಸೊಳ್ಳೆಯಾದರೆ ಪರೀಕ್ಷೆ ಬಿಟ್ಟು ಹೊಸದಾಗಿ ಮಾಡಿ.

ನಿರೋಧ ಮತ್ತು ಅಕ್ಕಪಕ್ಕದ ಜೀವಿಗಳು

ಒಂದೇ ಬಗೆಯ ಔಷಧಿ ಹಾಕುತ್ತಲೇ ಇದ್ದರೆ ಕೀಟ ಅದಕ್ಕೆ ಜಗ್ಗದಂತಾಗುತ್ತದೆ, ಅದೇ ನಿರೋಧ. ಔಷಧಿ ಕೆಲಸ ಮಾಡುವ ಬಗೆಯನ್ನು ಹೇಳುವ, ಡಬ್ಬಿಯ ಮೇಲಿನ ಗುಂಪು ಸಂಖ್ಯೆ ನೋಡಿ, ಒಂದು ಪೀಳಿಗೆಗೆ ಒಂದು ಗುಂಪು ಎಂದು ಬದಲಿಸಿ. ಇಲ್ಲೊಂದು ಬಲೆ ಇದೆ. ನೊವಾಲುರಾನ್‌ನ ಗುಂಪು 15, ಬುಪ್ರೊಫೆಜಿನ್‌ನದು 16, ನುಸಿಗೆ ಬಳಸುವ ಎಟಾಕ್ಸಜೋಲ್‌ನದು 10. ಸಂಖ್ಯೆ ಬೇರೆಯಾದರೂ ಮೂರೂ ಎರಗುವುದು ಕೈಟಿನ್ ಕಟ್ಟುವ ಒಂದೇ ಕಿಣ್ವದ ಮೇಲೆ. ಆ ಕಿಣ್ವದ ಒಂದೇ ಬದಲಾವಣೆ ಮೂರಕ್ಕೂ ನಿರೋಧ ಕೊಡಬಲ್ಲದು ಎಂಬುದು ಎಲೆಕೋಸಿನ ವಜ್ರಬೆನ್ನಿನ ಪತಂಗದ ಅಧ್ಯಯನದಿಂದ ಗೊತ್ತಾಗಿದೆ. 15ರ ನಂತರ 16ಕ್ಕೆ ಹೋಗುವುದು ನಿಜವಾದ ಬದಲಾವಣೆ ಆಗದು. 18ಕ್ಕೋ (ಟೆಬುಫೆನೊಜೈಡ್‌ನ ಗುಂಪು), ಪೂರಾ ಬೇರೆ ಬಗೆಯ ಔಷಧಿಗೋ ಹೋಗಿ.

ಹಿಪ್ಪುನೇರಳೆಯ ಹತ್ತಿರ ಇವನ್ನು ಸಿಂಪಡಿಸಲೇಬೇಡಿ. ಎಲೆಯ ಮೇಲಿನ ಅತ್ಯಲ್ಪ ಅಂಶವೂ ರೇಷ್ಮೆಹುಳು ಗೂಡು ಕಟ್ಟದಂತೆ ಮಾಡಬಲ್ಲದು. ಸಿಗಡಿ, ಏಡಿಗಳ ಚಿಪ್ಪೂ ಕೈಟಿನ್ನಿನದೇ ಆದ್ದರಿಂದ ಗುಂಪು 15ರ ಔಷಧಿ ಕೆರೆ, ಕಾಲುವೆ, ಸಿಗಡಿ ಹೊಂಡಗಳಿಗೆ ಸೇರದಂತೆ ದೂರ ಬಿಡಿ, ಪಂಪು ತೊಳೆದ ನೀರನ್ನೂ ಅಲ್ಲಿಗೆ ಚೆಲ್ಲಬೇಡಿ. ಪ್ರೌಢ ಜೇನುನೊಣಕ್ಕೆ ಏನೂ ಆಗದಂತೆ ಕಂಡರೂ ಅದು ಹೊತ್ತೊಯ್ದ ಪರಾಗದಿಂದ ಗೂಡಿನೊಳಗಿನ ಮರಿಗಳು ಸಾಯುತ್ತವೆ. ಹೂವಿರುವಾಗ ಸಿಂಪಡಣೆ ಬೇಡ.